ಅಜ್ಜನನ್ನು ಮನುಷ್ಯ ಮಾಡಿದ ಶಾಲೆ

ಶಾಲೆಯಿಂದ ಫೋನು ಬಂದಾಗ ಬಾವ ಅಡುಗೆಮನೆಯ ಸಿಂಕಿನಲ್ಲಿ ಬಂಗುಡೆ ತೊಳೆಯುತ್ತಿದ್ದರು. ಬಾವ ಅನ್ನುವುದು ಅವರ ಹೆಸರೇ. ವಯಸ್ಸು ಎಪ್ಪತ್ತೇಳು ದಾಟಿದೆ, ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದಾರೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಆ ಫ್ಲ್ಯಾಟಿನಲ್ಲಿ ಹಗಲು ಹೊತ್ತು ಅವರೊಬ್ಬರೇ. ಮಗ ಶಾನವಾಝ್ ಕೆಲಸ ಮಾಡುವುದು ದೂರದ ಮದೀನತ್ ಜಾಯೆದ್‌ನಲ್ಲಿ. ವಾರವಿಡೀ ಕಂಪನಿಯ ಕ್ಯಾಂಪಿನಲ್ಲಿದ್ದು ಶುಕ್ರವಾರ ಸಂಜೆ ಮನೆಗೆ ಬರುವವನು. ಸೊಸೆ ಸೂಫಿಯಾ ಹತ್ತಿರದ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿದ್ದಾಳೆ. ಮೊಮ್ಮಗಳು ಶಹಲಾ ಶಾಲೆಯಲ್ಲಿದ್ದಾಳೆ. ಹಾಗೆಂದು ಬಾವ ತಿಳಿದುಕೊಂಡಿದ್ದರು.

"ಮಿಸ್ಟರ್ ಶಾನವಾಝ್? ಶಹಲಾ ಇವತ್ತೂ ಆಬ್ಸೆಂಟ್ ಸರ್. ಎನಿ ಪ್ರಾಬ್ಲಮ್?"

ಗಲ್ಫಿನವರು ಮಾತ್ರ ಮಾಡುವ ತಪ್ಪು ಇದು. ಕಂಪನಿ ಹೊಸ ನಂಬರು ಕೊಟ್ಟಿತೆಂದು ಹಳೇ ಸಿಮ್ಮನ್ನು ಊರಿಂದ ಬಂದವರ ಕೈಗೆ ಹಾಕುತ್ತಾರೆ. ಬ್ಯಾಂಕಿಗೆ ತಿಳಿಸುತ್ತಾರೆ, ಊರಿನ ನೆಂಟರಿಗೆಲ್ಲ ತಿಳಿಸುತ್ತಾರೆ, ಶಾಲೆಗೆ ತಿಳಿಸಲು ಮರೆಯುತ್ತಾರೆ. ಶಾನವಾಝನೂ ಮರೆತಿದ್ದ.

ಬಾವ ಈ ಊರಿಗೆ ಹೊಸಬರೇನಲ್ಲ. ಇಲ್ಲಿ ಇಷ್ಟು ಕಟ್ಟಡಗಳೇ ಇಲ್ಲದ ಕಾಲದಲ್ಲಿ ಬಡಗಿಯಾಗಿ ಬಂದು, ಗಡ್ಡ ಬೆಳ್ಳಗಾದ ಮೇಲೆ ಊರಿಗೆ ಮರಳಿದವರು. ಫೋನಿನ ಇಂಗ್ಲಿಷಿಗೆ ಹೆದರುವವರಲ್ಲ. ಮೀನಿನ ಹುರುಪೆ ಅಂಟಿದ ಕೈಯಲ್ಲೇ ಫೋನು ಹಿಡಿದು, "ಎಸ್ ಮೇಡಂ. ಫೀವರ್," ಎಂದುಬಿಟ್ಟರು.

"ಓ. ಟೇಕ್ ಕೇರ್ ಸರ್."

ಬಾವ ಫೋನು ಇಟ್ಟು ಮೀನಿಗೆ ಉಪ್ಪು, ಅರಿಶಿನ ಹಚ್ಚಿದರು. ಅರಿಶಿನ ಸ್ವಲ್ಪ ಜಾಸ್ತಿಯೇ ಬಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಶಹಲಾ ದಿನದಂತೆ ಬ್ಯಾಗು ಹೊತ್ತು ಬಂದಳು. ಹದಿನಾಲ್ಕು ತುಂಬಿ ಹದಿನೈದಕ್ಕೆ ಕಾಲಿಟ್ಟ ಹುಡುಗಿ. ಬೂಟು ಕಳಚಿ, ಬ್ಯಾಗು ಎಸೆದು, "ಅಜ್ಜಾ, ಹಂಗ್ರೀ," ಎಂದು ಊಟಕ್ಕೆ ಕೂತಳು. ಬಾವ ಅನ್ನ ಬಡಿಸಿ, ಬಂಗುಡೆಯ ಪುಳಿಮುಂಚಿ ಸಾರಿನಿಂದ ಎರಡು ಹೋಳು ಹಾಕಿದರು.

"ಜ್ವರ ಬಿಟ್ಟಿತಾ?"

ಹುಡುಗಿಯ ಕೈ ತಟ್ಟೆಯಲ್ಲೇ ನಿಂತಿತು.

"ಶಾಲೆಯಿಂದ ಫೋನ್ ಬಂದಿತ್ತು. ಜ್ವರ ಅಂತ ಹೇಳಿದ್ದೇನೆ."

"ಡೋಂಟ್ ಟೆಲ್ ಉಪ್ಪ. ಪ್ಲೀಸ್ ಅಜ್ಜಾ," ಎಂದು ಅಪ್ಪನಿಗೆ ಹೇಳದಂತೆ ಬೇಡಿಕೊಂಡಳು.

"ಎಲ್ಲಿಗೆ ಹೋಗ್ತೀ ನೀನು?"

"ಬಸ್ಸಲ್ಲಿ ಕೂತ್ಕೊಳ್ತೇನೆ. ಸಿಟಿ ಬಸ್. ಲಾಸ್ಟ್ ಸ್ಟಾಪ್ ತನಕ ಹೋಗಿ ಬರುದು. ಬೋರ್ ಆದ್ರೆ ಮೀನಾ ಪೋರ್ಟಿಗೆ ಹೋಗಿ ಬೋಟ್ ನೋಡ್ತೇನೆ."

"ಯಾರ ಜೊತೆ?"

"ನೋಬಡಿ. ಪ್ರಾಮಿಸ್."

ಕಾರಣ ಕೇಳುವ ಅಗತ್ಯವಿರಲಿಲ್ಲ, ಆದರೂ ಬಾವ ಕೇಳಿದರು. ಶಹಲಾ ಕಳೆದ ವರ್ಷ ಒಂಬತ್ತನೆಯಲ್ಲಿ ಫೇಲಾಗಿದ್ದಳು. ಜೊತೆಯವರೆಲ್ಲ ಹತ್ತಕ್ಕೆ ಹೋದರು, ಇವಳು ಅದೇ ಕೋಣೆಯಲ್ಲಿ ತನಗಿಂತ ಚಿಕ್ಕವರೊಂದಿಗೆ ಕೂರಬೇಕು. ಅವರು ಇವಳನ್ನು 'ಆಂಟಿ' ಎಂದು ಕರೆಯುತ್ತಾರೆ. ಟೀಚರು ಕೇಳಿಯೂ ಸುಮ್ಮನಿರುತ್ತಾರೆ.

"ನಾಳೆಯಿಂದ ಹೋಗು ಮಗಾ. ಎಂತ ಬೇಕಾದ್ರೂ ಕರೆಯಲಿ. ಹೋಗು."

"ಓಕೆ ಅಜ್ಜಾ."

ಹೋಗಲಿಲ್ಲ. ಒಂದು ದಿನ ಹೋದರೆ ಎರಡು ದಿನ ತಪ್ಪಿಸಿದಳು. ಶಾಲೆಯ ಫೋನು ಬರುತ್ತಲೇ ಇತ್ತು. ಬಾವನ ಬಾಯಿಂದ ಜ್ವರ ಹೋಗಿ ವೈರಲ್ ಬಂತು, ವೈರಲ್ ಹೋಗಿ ಟೈಫಾಯಿಡ್ ಬಂತು. ಒಮ್ಮೆ ಬಾಯಿ ಬಿಟ್ಟ ಸುಳ್ಳಿಗೆ ದಿನಾ ಮೇವು ಹಾಕಬೇಕಾಗುತ್ತದೆ.

ಆ ಶುಕ್ರವಾರ ಶಾನವಾಝ್ ಬರುವಾಗ ಸೂಫಿಯಾ ಅಕ್ಕಿ ರೊಟ್ಟಿಯಂಥ ಪತ್ತಿರ್ ಮತ್ತು ಕೋಳಿ ಸಾರು ಮಾಡಿದ್ದಳು. ಹಾಲ್‌ನಲ್ಲಿ ಊಟದ ಹಾಸು ಸುಪ್ರ ಹಾಸಿ ನಾಲ್ವರೂ ನೆಲದಲ್ಲೇ ಕೂತರು. ಶಾನವಾಝನಿಗೆ ವಾರಪೂರ್ತಿ ಕ್ಯಾಂಪಿನ ಮೆಸ್ಸಿನ ಊಟ ತಿಂದು ನಾಲಗೆ ಸತ್ತಿರುತ್ತದೆ. ಎರಡು ಪತ್ತಿರ್ ಇಳಿಯುವವರೆಗೂ ಮಾತಿಲ್ಲ. ಆಮೇಲೆ ಮಗಳ ಕಡೆ ತಿರುಗಿದ.

"ಮ್ಯಾತ್ಸ್ ಹೇಗುಂಟು?"

"ಗುಡ್."

"ಗುಡ್ ಅಂದ್ರೆ? ಕಳೆದ ವರ್ಷವೂ ಗುಡ್ ಅಂತಲೇ ಹೇಳಿದ್ದು ನೀನು."

"ತಿನ್ನುವಾಗ ಎಂತಕ್ಕೆ ಅದೆಲ್ಲ," ಎಂದಳು ಸೂಫಿಯಾ.

"ತಿನ್ನುವಾಗ ಅಲ್ಲದೆ ನಾನು ಯಾವಾಗ ಸಿಗುದು ಇವಳಿಗೆ? ಕೇಳು ಶಹಲಾ. ನಿನ್ನ ಅಜ್ಜ ಸಣ್ಣದಿರುವಾಗ ಶಾಲೆ ತಪ್ಪಿಸಿ ಮಂಗಳೂರು ಬಂದರಿಗೆ ಓಡ್ತಿದ್ರು. ಅಜ್ಜನ ಉಪ್ಪ ಎಂತ ಮಾಡಿದ್ರು ಗೊತ್ತುಂಟಾ? ಸೀದಾ ಇಂಡಸ್ಟ್ರಿ ಶಾಲೆಗೆ ಹಾಕಿದ್ರು. ಘಟ್ಟದ ಮೇಲೆ, ಹೇಳಿದ ಮಾತು ಕೇಳದ ಮಕ್ಕಳಿಗೆ ಅಂತಲೇ ಇದ್ದದ್ದು. ಮೂರು ವರ್ಷ. ಹೋಗುವಾಗ ಪೋಕರಿ, ಬರುವಾಗ ಒಳ್ಳೇ ಆಚಾರಿ! ಆ ಶಾಲೆ ಇಲ್ಲದಿದ್ರೆ ಅಜ್ಜ ಇಲ್ಲಿಗೆ ಬರ್ತಿರಲಿಲ್ಲ, ನಾನೂ ಇಲ್ಲ, ನೀನೂ ಇಲ್ಲ."

ಈ ಕಥೆ ಆ ಮನೆಯಲ್ಲಿ ಹೊಸದಲ್ಲ. ಮದುವೆ, ಸುನ್ನತ್, ಹಬ್ಬ ಯಾವುದಕ್ಕೆ ನಾಲ್ಕು ಜನ ಸೇರಿದರೂ ಯಾರಾದರೂ ಒಬ್ಬರು ಇದನ್ನು ಎತ್ತುತ್ತಿದ್ದರು, ಉಳಿದವರು ತಲೆಯಾಡಿಸುತ್ತಿದ್ದರು. ಬಾವ ಕೂಡ ಎಂದೂ ಅಲ್ಲವೆಂದಿರಲಿಲ್ಲ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳು ಶಾಲೆಗೆ ಹೊರಡಲು ತಕರಾರು ಮಾಡಿದರೆ, "ಇಂಡಸ್ಟ್ರಿಗೆ ಹಾಕ್ತೇನೆ ನೋಡು," ಎಂದು ಅವರೇ ಗದರಿಸಿದ್ದೂ ಉಂಟು. ಜೈಲಿನಂಥ ಜಾಗದಲ್ಲಿದ್ದೆ ಅನ್ನುವುದಕ್ಕಿಂತ ಶಾಲೆ ಕಲಿತೆ ಅನ್ನುವುದು ಯಾರಿಗೆ ಬೇಡ?

"ಅಲ್ವಾ ಉಪ್ಪ?" ಎಂದು ಶಾನವಾಝ್ ಕೇಳಿದ.

ಬಾವ ಕೋಳಿಯ ಎಲುಬು ಬಿಡಿಸುತ್ತಾ, "ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಆಗಿದೆ," ಎಂದರು.

ಸಿಕ್ಕಿಬಿದ್ದದ್ದು ಓಪನ್ ಹೌಸಿನ ದಿನ. ಪರೀಕ್ಷೆಯ ಅಂಕ ತೋರಿಸಲು ಶಾಲೆಯವರು ತಂದೆತಾಯಿಯನ್ನು ಕರೆಯುತ್ತಾರಲ್ಲ, ಅದಕ್ಕೆ ಸೂಫಿಯಾ ಅರ್ಧ ದಿನ ರಜೆ ಹಾಕಿ ಹೋಗಿದ್ದಳು. ಕ್ಲಾಸ್ ಟೀಚರು ಕುರ್ಚಿ ತೋರಿಸಿ, ಮುಖ ಸಣ್ಣ ಮಾಡಿಕೊಂಡು, "ಹೌ ಈಸ್ ಹರ್ ಟೈಫಾಯಿಡ್ ನೌ?" ಎಂದು ಕೇಳಿದರು.

ದಿನವಿಡೀ ರೋಗಿಗಳ ಹೆಸರು ಬರೆದುಕೊಳ್ಳುವವಳಿಗೆ ತನ್ನ ಮನೆಯಲ್ಲೇ ಒಬ್ಬಳು ಟೈಫಾಯಿಡ್ ರೋಗಿ ಇರುವುದು ಗೊತ್ತಿರಲಿಲ್ಲ. "ಯಾರು ಹೇಳಿದ್ದು ನಿಮಗೆ?" ಎಂದಳು.

"ಹರ್ ಫಾದರ್. ವೆರಿ ಪೊಲೈಟ್ ಮ್ಯಾನ್."

ಸೂಫಿಯಾ ಮನೆಗೆ ಬಂದವಳು ಪರ್ದಾ ಕೂಡ ತೆಗೆಯದೆ ಮಾವನ ಮುಂದೆ ನಿಂತಳು. ಬಾವ ಸುಲೈಮಾನಿ ಚಹಾ ಕುಡಿಯುತ್ತಿದ್ದರು.

"ಮಾಮ, ಶಾಲೆಯವರ ಫೋನ್ ತೆಗೆದದ್ದು ನೀವಾ?"

"ಹೌದು."

"ಎಷ್ಟು ಸಲ?"

"ಬಂದಾಗೆಲ್ಲ."

"ನಿಮಗೆ ಎಂತ ಆಗಿದೆ ಮಾಮ? ಹೆಣ್ಣು ಹುಡುಗಿ! ಊರಲ್ಲವಲ್ಲ ಇದು. ಯಾರಾದ್ರೂ ಕರ್ಕೊಂಡು ಹೋಗಿದ್ರೆ?"

"ನಿನ್ನ ಗಂಡನಿಗೆ ಹೇಳ್ಬೇಡ ಸೂಫಿಯಾ. ನಾನು ಅವಳನ್ನು ಸರಿ ಮಾಡ್ತೇನೆ. ನಾಳೆಯಿಂದ ನಾನೇ ಶಾಲೆ ಬಸ್ಸಿಗೆ ಹತ್ತಿಸಿ ಬರ್ತೇನೆ."

ಆದರೆ ಅವಳು ಶಾಲೆಯ ಗೇಟಿನಲ್ಲೇ ಗಂಡನಿಗೆ ಫೋನು ಮಾಡಿ ಆಗಿತ್ತು. ವಾರದ ನಡುವೆಯೇ ಶಾನವಾಝ್ ಸಂಜೆಯ ಹೊತ್ತಿಗೆ ಮರಳುಗಾಡಿನ ರಸ್ತೆ ಹಿಡಿದು ಬಂದ. ಬಂದವನು ಮಗಳಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಮನೆಯವರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಅವಳ ಫೋನು ಕೇಳಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

"ಯೂನಿಫಾರ್ಮ್ ಹಾಕಿದ ಹುಡುಗಿ ಹಗಲು ಹೊತ್ತು ಬಸ್ಸಲ್ಲಿ ತಿರುಗ್ತಾ ಇದ್ರೆ ಯಾರಾದ್ರೂ ಪೊಲೀಸಿಗೆ ಹೇಳ್ಲಿಕ್ಕೆ ಎಷ್ಟು ಹೊತ್ತು ಬೇಕು? ನಾಳೆ ನನ್ನನ್ನು ಕರೆಸ್ತಾರೆ. ಆಫೀಸಿಗೆ ಗೊತ್ತಾಗ್ತದೆ. ಒಂದು ಕೇಸ್ ಆದ್ರೆ ಖಲಾಸ್, ಎಲ್ಲರೂ ಗಂಟು ಕಟ್ಟಿಕೊಂಡು ಊರಿಗೆ."

"ಐ ಆಮ್ ಸಾರಿ, ಉಪ್ಪ."

"ನೀನು ಒಳಗೆ ಹೋಗು. ಉಪ್ಪ, ನೀವು ಹೇಳಿ. ನನ್ನ ಹೆಸರು ಹೇಳಿ ನನ್ನ ಮಗಳ ಬಗ್ಗೆ ಸುಳ್ಳು. ಎಂತಕ್ಕೆ?"

"ಶಾಲೆಗೆ ಹೋಗದ ಮಕ್ಕಳ ವಿಷಯ ದೊಡ್ಡವರಿಗೆ ಗೊತ್ತಾಗ್ಬಾರದು," ಎಂದರು ಬಾವ.

ಶಾನವಾಝ್ ಹೆಂಡತಿಯ ಮುಖ ನೋಡಿದ. ಮುದುಕರಿಗೆ ಅರಳುಮರಳು ಶುರುವಾಯಿತೇನೋ ಎಂಬ ಭಯ ಇಬ್ಬರಿಗೂ ಒಟ್ಟಿಗೇ ಆಯಿತು.

ದಾರಿ ತೋರಿಸಿದವಳು ರಸೀನಾ. ಸೂಫಿಯಾಳ ಅಕ್ಕ, ಇರುವುದು ದುಬೈಯ ಮುಹೈಸ್ನಾದಲ್ಲಿ. ಗಂಡನಿಗೆ ಅಲ್ಲಿನ ಲೇಬರ್ ಕ್ಯಾಂಪುಗಳ ಸಾಲಿನಲ್ಲೇ ಗ್ರಾಸರಿ ಅಂಗಡಿ. ಅವಳ ಮಗಳು ನಾಫಿಯಾ ಎರಡು ವರ್ಷದ ಹಿಂದೆ ಮನೆಯಲ್ಲಿ ಬಾಗಿಲು ಬಡಿಯುವುದು, ಎದುರು ಮಾತಾಡುವುದು ಎಲ್ಲ ಮಾಡುತ್ತಿದ್ದವಳು. ಊರಿನಿಂದ ಮೂರು ಗಂಟೆಯ ದಾರಿ, ಘಟ್ಟದ ಮೇಲೊಂದು ಹೆಣ್ಣುಮಕ್ಕಳ ಹಾಸ್ಟೆಲು, ಅದರೊಳಗೇ ಶಾಲೆ. ಅಲ್ಲಿಗೆ ಹಾಕಿದ ಮೇಲೆ ಬೇರೆಯೇ ಹುಡುಗಿ. "ರಜೆಗೆ ಬಂದಿದ್ದಾಳೆ. ಶನಿವಾರ ಬಂದು ನಿಮ್ಮ ಕಣ್ಣಲ್ಲೇ ನೋಡಿ," ಎಂದಳು ರಸೀನಾ.

ಶನಿವಾರ ಎಲ್ಲರೂ ಹೋದರು. ಬಾವ ಬರುವುದಿಲ್ಲವೆಂದರು, ಶಾನವಾಝ್ ಬಿಡಲಿಲ್ಲ. ರಸೀನಾಳ ಫ್ಲ್ಯಾಟಿನಲ್ಲಿ ಅವರನ್ನು ಮೊದಲು ಎದುರುಗೊಂಡವಳು ನಾಫಿಯಾ. ಎಲ್ಲರಿಗೂ ಸಲಾಂ ಹೇಳಿ, ಶರಬತ್ತು ಕೊಟ್ಟು, ಗೋಡೆಯ ಹತ್ತಿರ ನಿಂತಳು. ಕೂತುಕೋ ಎಂದು ಯಾರಾದರೂ ಹೇಳುವವರೆಗೆ ಕೂರಲಿಲ್ಲ. ಊಟಕ್ಕೆ ಬಿರಿಯಾನಿ. ಉಳಿದವರು ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಅವಳ ಅರ್ಧ ತಟ್ಟೆ ಖಾಲಿ. ಆಮೇಲೆ ಯಾರೂ ಹೇಳದೆ ಎಲ್ಲರ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಳು.

"ನೋಡಿದಿರಾ?" ರಸೀನಾಳ ಮುಖ ಅರಳಿತ್ತು. "ಮೊದಲು ಒಂದು ಲೋಟ ಎತ್ತಿಡ್ತಿರಲಿಲ್ಲ ಇವಳು."

ಶಹಲಾ ನಾಫಿಯಾಳ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು, "ಈಸ್ ಇಟ್ ನೈಸ್?"

"ಒಳ್ಳೇದುಂಟು," ಎಂದಳು ನಾಫಿಯಾ. ಕೇಳಿದವಳ ಮುಖ ನೋಡಲಿಲ್ಲ, ಅಮ್ಮನ ಮುಖ ನೋಡಿ ಹೇಳಿದಳು.

ಅಷ್ಟು ಹೊತ್ತು ಸುಮ್ಮನಿದ್ದ ಬಾವ ಸೋಫಾದಲ್ಲಿ ಮುಂದಕ್ಕೆ ಬಾಗಿದರು. "ಮಗಾ, ಅಲ್ಲಿ ನೀವು ಮಲಗುವ ಕೋಣೆಯ ಚಿಲಕ ಯಾವ ಕಡೆ? ಒಳಗಾ, ಹೊರಗಾ?"

ಎಂಥ ವಿಚಿತ್ರ ಪ್ರಶ್ನೆ ಎಂದು ರಸೀನಾ ನಕ್ಕಳು. ನಾಫಿಯಾ ನಗಲಿಲ್ಲ.

"ಹೊರಗೆ," ಎಂದಳು.

"ಸೇಫ್ಟಿಗೆ ಮಾಮ," ರಸೀನಾ ಅವಸರದಲ್ಲಿ ಸೇರಿಸಿದಳು. "ಹೆಣ್ಣುಮಕ್ಕಳು ಇರುವ ಜಾಗ ಅಲ್ವಾ."

ನಾಫಿಯಾ ಎದ್ದು ನಿಂತು, ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, "ಉಮ್ಮಾ, ನಾನು ಬಾತ್‌ರೂಮಿಗೆ ಹೋಗಿ ಬರ್ಬಹುದಾ?" ಎಂದು ಕೇಳಿದಳು.

ಹದಿನಾರು ವರ್ಷದ ಹುಡುಗಿ ತನ್ನ ಮನೆಯಲ್ಲಿ ಹೀಗೆ ಕೇಳಿದ್ದು ಕಂಡು ಸೂಫಿಯಾ ಶಹಲಾಳನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಶಾನವಾಝನಿಗೆ ಮಾತ್ರ ಬಹಳ ಮೆಚ್ಚುಗೆಯಾಯಿತು. ಶಿಸ್ತು ಅಂದರೆ ಹೀಗಿರಬೇಕು ಎಂದು ದುಬೈಯಿಂದ ಅಬುಧಾಬಿಯವರೆಗೂ ಕಾರಿನಲ್ಲಿ ಅದನ್ನೇ ಹೇಳಿದ. ಬಾವನ ವೀಸಾ ಹೇಗೂ ತಿಂಗಳ ಕೊನೆಗೆ ಮುಗಿಯುತ್ತದೆ. ಅವರ ಜೊತೆ ಶಹಲಾ ಹೋಗಲಿ. ಹಾಸ್ಟೆಲಿಗೆ ಸೇರಿಸುವಾಗ ಮನೆಯ ಗಂಡಸು ಹಿರಿಯರೊಬ್ಬರು ಇರಲೇಬೇಕಂತೆ, ಅಜ್ಜನೇ ಇದ್ದಾರಲ್ಲ. ಹಿಂದಿನ ಸೀಟಿನಲ್ಲಿ ಶಹಲಾ ಅಜ್ಜನ ತೋಳು ಹಿಡಿದುಕೊಂಡಿದ್ದಳು. ಅವಳ ಉಗುರು ಚರ್ಮಕ್ಕೆ ನಾಟಿದರೂ ಬಾವ ತೋಳು ಸರಿಸಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಮುಂದೆ ಬಾವ ಬಾಯಿಬಿಟ್ಟರು. ಅನ್ನಕ್ಕೆ ಕೈ ಹಾಕದೆ ಮಗನನ್ನು ನೋಡಿ ಹೇಳಿದರು.

"ಶಾನವಾಝ್, ಶಹಲಾಳನ್ನು ಅಲ್ಲಿಗೆ ಕಳಿಸ್ಬೇಡ."

"ಉಪ್ಪ, ನಿಮ್ಮನ್ನೇ ಮನುಷ್ಯ ಮಾಡಿದ್ದು ಅಂಥ ಶಾಲೆ."

"ಯಾರು ಹೇಳಿದ್ದು?"

"ಎಲ್ಲರೂ! ನೀವೇ!"

"ನಾನು ಹೇಳ್ಲಿಲ್ಲ. ನೀವು ಹೇಳುವಾಗ ಸುಮ್ಮನಿದ್ದೆ, ಅಷ್ಟೇ." ಬಾವ ನೀರು ಕುಡಿದರು. "ಅಲ್ಲಿ ನನಗೆ ಮೊದಲು ಕಲಿಸಿದ ಕೆಲಸ ಯಾವುದು ಗೊತ್ತುಂಟಾ? ಮೇಜಲ್ಲ, ಕುರ್ಚಿಯಲ್ಲ. ನಾವು ಮಲಗುವ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿಯುದು. ಹಳೇದು ಸಡಿಲ ಆಗಿತ್ತು. ಮೇಸ್ತ್ರಿ ನನ್ನ ಕೈ ಹಿಡಿದು ಉಳಿ ಇಡಿಸಿದ. ಚೆನ್ನಾಗಿ ಜಡಿದ್ರೆ ಆ ದಿನ ಹೊಡೆಯುದಿಲ್ಲ ಅಂದ. ಚೆನ್ನಾಗಿಯೇ ಜಡಿದೆ."

ಸೂಫಿಯಾ ಬಡಿಸುವುದನ್ನು ನಿಲ್ಲಿಸಿದಳು.

"ನನ್ನ ಪಕ್ಕದಲ್ಲಿ ಮಲಗುವವ ಜುವಾಕಿಂ ಅಂತ. ನಮ್ಮ ಕಡೆಯವನೇ, ಕೊಂಕಣಿ ಮಾತಾಡುವವ. ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಮೈ ಮುಟ್ಟಲಿಕ್ಕೆ ಆಗದಷ್ಟು ಸುಡ್ತಿತ್ತು. ನೀರು ನೀರು ಅಂತಿದ್ದ. ಕೋಣೆಯಲ್ಲಿ ನೀರಿಲ್ಲ. ನಾವೆಲ್ಲ ಸೇರಿ ಬಾಗಿಲು ಬಡಿದೆವು, ಒದ್ದೆವು. ಯಾರೂ ಬರ್ಲಿಲ್ಲ. ಚಿಲಕವಾದ್ರೂ ಕಿತ್ತು ಬರ್ತದಾ ಅಂತ ನಾನೇ ಹೆಗಲು ಕೊಟ್ಟೆ. ಬರ್ಲಿಲ್ಲ. ಅಷ್ಟು ಚೆನ್ನಾಗಿ ಜಡಿದಿದ್ದೆ ನಾನು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಅವ ತಣ್ಣಗಾಗಿದ್ದ."

ಶಹಲಾ ತಟ್ಟೆಯ ಮುಂದೆ ಅಳಲು ಶುರುಮಾಡಿದಳು. ಶಾನವಾಝ್ ತಂದೆಯನ್ನೇ ನೋಡುತ್ತಿದ್ದ. ಒಂದು ಕ್ಷಣ ಅವನ ಮುಖ ಸಡಿಲವಾದದ್ದನ್ನು ಸೂಫಿಯಾ ಕಂಡಳು. ಆಮೇಲೆ ಅವನು ತಟ್ಟೆಯನ್ನು ಆಚೆಗೆ ತಳ್ಳಿದ.

"ಜ್ವರ," ಎಂದ. "ಮೊನ್ನೆ ತನಕ ಶಾಲೆಯವರಿಗೂ ಜ್ವರ ಅಂತಲೇ ಹೇಳಿದ್ದು ನೀವು. ಆಮೇಲೆ ವೈರಲ್, ಟೈಫಾಯಿಡ್. ಇವಳನ್ನು ಉಳಿಸ್ಲಿಕ್ಕೆ ಈಗ ಒಬ್ಬನನ್ನು ಸಾಯಿಸಿಯೂ ಆಯ್ತು."

"ಇದು ಸತ್ಯ, ಮಗಾ."

"ಅರುವತ್ತು ವರ್ಷ ಎಲ್ಲಿತ್ತು ಈ ಸತ್ಯ? ಉಮ್ಮನಿಗೆ ಹೇಳಿದ್ರಾ? ನನಗೆ ಸಣ್ಣದಿರುವಾಗ ಇಂಡಸ್ಟ್ರಿಗೆ ಹಾಕ್ತೇನೆ ಅಂತ ಹೆದರಿಸಿದ್ದು ಯಾರು? ಅಂಥ ಜಾಗ ಅಂತ ಗೊತ್ತಿದ್ದೂ ಹೆದರಿಸಿದ್ರಾ?"

ಸುಳ್ಳನ್ನು ಎಷ್ಟು ಚೆನ್ನಾಗಿ ಹೇಳಿದ್ದರೋ ಸತ್ಯವನ್ನು ಅಷ್ಟು ಚೆನ್ನಾಗಿ ಹೇಳಲು ಬಾವನಿಗೆ ಬರಲಿಲ್ಲ. ಅನ್ನ ಆರಿಹೋಯಿತು. ಆ ದಿನ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡವರು ಯಾರೂ ಇಲ್ಲ.

ಟಿಕೇಟು ಆಯಿತು. ಹಾಸ್ಟೆಲಿನವರು ಏನೇನು ತರಬೇಕೆಂದು ಹೇಳಿದ್ದರು: ಬಿಳಿ ದುಪಟ್ಟಾ, ಸ್ಟೀಲಿನ ತಟ್ಟೆ, ಪ್ರತಿ ಬಟ್ಟೆಗೂ ಅವರು ಕೊಟ್ಟ ನಂಬರು ಹೊಲಿದಿರಬೇಕು. ಸಂಜೆ ಕ್ಲಿನಿಕ್ಕಿನಿಂದ ಬಂದು ಸೂಫಿಯಾ ನಂಬರು ಹೊಲಿಯಲು ಕೂರುತ್ತಿದ್ದಳು. ಒಳಲಂಗಕ್ಕೂ ನಂಬರು, ಟವೆಲಿಗೂ ನಂಬರು.

"ಹೆಸರು ಹೊಲಿದ್ರೆ ಆಗುದಿಲ್ವಂತಾ?" ಎಂದು ಗಂಡನಿಗೆ ಫೋನಿನಲ್ಲಿ ಕೇಳಿದಳು.

"ರೂಲ್ಸ್ ಅಲ್ವಾ. ಎಂತ ವ್ಯತ್ಯಾಸ ಅದರಲ್ಲಿ?"

"ಇವರೇ, ಒಂದು ಮಾತು. ನಾಫಿಯಾಳನ್ನು ನೋಡಿ ನನಗೆ ಸರಿ ಕಾಣ್ಲಿಲ್ಲ."

"ನಿನಗೆ ಸರಿ ಕಾಣ್ಲಿಕ್ಕೆ ಮಗಳು ಬಸ್ಸಲ್ಲಿ ತಿರುಗ್ತಾ ಇರ್ಬೇಕಾ?"

ಸೂಫಿಯಾ ಸೂಜಿಗೆ ನೂಲು ಪೋಣಿಸಿದಳು. ಹಟ ಹಿಡಿದ ಗಂಡನ ಎದುರು ನಿಲ್ಲುವ ಧೈರ್ಯ ಅವಳಿಗಿರಲಿಲ್ಲ, ಅದಕ್ಕಾಗಿ ತನ್ನ ಮೇಲೇ ಸಿಟ್ಟು ಬಂತು. ಹೊಲಿಗೆ ಮಾತ್ರ ಸಡಿಲವಾಗಿ ಹಾಕಿದಳು, ಎಳೆದರೆ ಬಿಚ್ಚುವ ಹಾಗೆ.

ಹಾಲಿನ ಮೂಲೆಯಲ್ಲಿ ಶಹಲಾ ಅಜ್ಜನ ಹತ್ತಿರ ಕೂತಿದ್ದಳು. ಅವಳೀಗ ಇಂಗ್ಲಿಷು ಬಿಟ್ಟಿದ್ದಳು.

"ಅಜ್ಜಾ, ಅಲ್ಲಿ ಎಲ್ಲಿ ಮಲಗ್ಬೇಕು?"

"ಗೋಡೆಯ ಹತ್ತಿರ. ಬಾಗಿಲಿನ ಹತ್ತಿರ ಬೇಡ."

"ಮತ್ತೆ?"

"ಸಾಲಲ್ಲಿ ಮೊದಲೂ ನಿಲ್ಬೇಡ, ಕೊನೆಗೂ ನಿಲ್ಬೇಡ. ಬೇಗ ತಿನ್ನು. ಅತ್ತರೆ ಶಬ್ದ ಬರ್ಬಾರದು. ಮಲಗುವ ಮೊದಲು ಒಂದು ಬಾಟ್ಲಿ ನೀರು ಇಟ್ಕೊ. ಯಾರಿಗಾದ್ರೂ ಬೇಕಾಗ್ತದೆ."

ಸೂಫಿಯಾ ಕೇಳಿಸಿಕೊಂಡಳು. ಸೂಜಿ ಬೆರಳಿಗೆ ಚುಚ್ಚಿ ಬಿಳಿ ದುಪಟ್ಟಾಕ್ಕೆ ರಕ್ತ ತಾಗಿತು. ತಣ್ಣೀರಲ್ಲಿ ಉಜ್ಜಿ ಉಜ್ಜಿ ತೊಳೆದಳು.

ಹೊರಡುವ ದಿನ ಶಾನವಾಝ್ ರಜೆ ಹಾಕಿ ಬಂದಿದ್ದ. ವಿಮಾನ ಮಧ್ಯಾಹ್ನದ ಮೇಲೆ. ಪೆಟ್ಟಿಗೆಗಳು ಬಾಗಿಲ ಹತ್ತಿರ ನಿಂತಿದ್ದವು. ಬೆಳಗಿನ ನಮಾಜಿಗೆಂದು ಮಸೀದಿಗೆ ಹೋದ ಬಾವ ತಿಂಡಿಯ ಹೊತ್ತಿಗೂ ಬರಲಿಲ್ಲ. ಫೋನು ಸೋಫಾದ ಮೇಲೇ ಇತ್ತು, ಪಾಸ್‌ಪೋರ್ಟು ಕಾಣಿಸಲಿಲ್ಲ. ಶಾನವಾಝ್ ಮಸೀದಿಗೆ ಹೋಗಿ ಬಂದ, ಕೆಳಗಿನ ಕೆಫೆಟೇರಿಯಾದಲ್ಲಿ ಕೇಳಿದ, ವಾಚ್‌ಮ್ಯಾನನ್ನು ಕೇಳಿದ. ಯಾರೂ ಕಂಡಿಲ್ಲ. ಬಿಸಿಲು ಏರುತ್ತಿತ್ತು.

"ಮುದಿ ವಯಸ್ಸು, ಬಿಸಿಲು, ಸಕ್ಕರೆ ಕಾಯಿಲೆ," ಎಂದು ಸೂಫಿಯಾ ಅಳತೊಡಗಿದಳು. "ಆಸ್ಪತ್ರೆಗೆ ಫೋನ್ ಮಾಡಿ. ಪೊಲೀಸಿಗೆ ಹೇಳಿ."

"ಪೊಲೀಸಿಗಾ? ಇವತ್ತು ಹೋಗದಿದ್ರೆ ಅವರ ವೀಸಾ ಮುಗೀತದೆ. ಏನಂತ ಹೇಳುದು? ಬೇಕೂಂತಲೇ ಮಾಡಿದ್ದು ಇದು. ಇಷ್ಟು ದಿನ ಅವಳು ತಪ್ಪಿಸಿದ್ದು, ಇವತ್ತು ಇವರು!" ಶಾನವಾಝ್ ಮಗಳ ಕಡೆ ತಿರುಗಿದ. "ಶಾಲೆ ತಪ್ಪಿಸಿದವರು ಎಲ್ಲಿಗೆ ಹೋಗ್ತಾರೆ? ಹೇಳು, ನಿನಗೇ ಗೊತ್ತಿರ್ಬೇಕು."

ಶಹಲಾ ಹೊಸ ಬಿಳಿ ದುಪಟ್ಟಾ ಹೊದ್ದು ಪೆಟ್ಟಿಗೆಯ ಮೇಲೆ ಕೂತಿದ್ದಳು. ಹೇಳಲೋ ಬೇಡವೋ ಎಂದು ಉಮ್ಮನ ಮುಖ ನೋಡಿದಳು. ಹೇಳದಿದ್ದರೆ ಅಜ್ಜ ಬಿಸಿಲಲ್ಲಿ ಬಿದ್ದಾರು, ಹೇಳಿದರೆ ತನ್ನ ವಿಮಾನ ತಪ್ಪುವುದಿಲ್ಲ.

"ಮೀನಾ," ಎಂದಳು. "ಬೋಟ್ ನಿಲ್ಲುವ ಜಾಗ."

ಬಂದರಿನಲ್ಲಿ ಕಾರು ನಿಲ್ಲಿಸಿ ಶಾನವಾಝ್ ದಕ್ಕೆಯುದ್ದಕ್ಕೂ ನಡೆದ. ಮರದ ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಬಲೆ ರಾಶಿ ಹಾಕಿದ್ದ ಕಡೆ, ಅದರ ನೆರಳಿನಲ್ಲಿ, ಚಪ್ಪಲಿ, ಪಾಸ್‌ಪೋರ್ಟು ಪಕ್ಕಕ್ಕಿಟ್ಟು ಬಾವ ಕೂತಿದ್ದರು. ಜೀವಂತ ಇದ್ದಾರೆ ಎಂದು ಕಂಡದ್ದೇ ಅಷ್ಟು ಹೊತ್ತಿನ ಭಯವೆಲ್ಲ ಶಾನವಾಝನಿಗೆ ಸಿಟ್ಟಾಗಿ ಏರಿತು. ಹಿಂದಿನಿಂದ ಹೋಗಿ ಅಂಗಿಯ ಕಾಲರಿಗೆ ಕೈ ಹಾಕಿದ.

"ಇಲ್ಲಿ ಬಂದು ಕೂತಿದ್ದೀರಾ? ತಪ್ಪಿಸಿಕೊಂಡು?"

ಬಾವ ತಿರುಗಿ ನೋಡಲಿಲ್ಲ. ಕೂತಲ್ಲೇ ಕುಸಿದು, ಮೊಣಕಾಲಿನ ನಡುವೆ ತಲೆ ಹುದುಗಿಸಿ, ಎರಡೂ ಅಂಗೈಯಿಂದ ಕತ್ತಿನ ಹಿಂಭಾಗ ಮುಚ್ಚಿಕೊಂಡರು. ಮೊಣಕೈಗಳು ಕಿವಿಗೆ ಒತ್ತಿಕೊಂಡವು. ಅಷ್ಟು ವಯಸ್ಸಾದ ಮೈ ಅಷ್ಟು ಬೇಗ ಅಷ್ಟು ಸಣ್ಣದಾಗಬಹುದೆಂದು ಶಾನವಾಝ್ ಎಂದೂ ಎಣಿಸಿರಲಿಲ್ಲ.

"ನಾಳೆಯಿಂದ ತಪ್ಪಿಸುವುದಿಲ್ಲ, ಸಾರ್," ಎಂದರು ಬಾವ. ಮನೆಯ ಮಾತಲ್ಲ ಅದು. ಉರುಹೊಡೆದ ಶಾಲೆಯ ಕನ್ನಡ. "ನಾಳೆಯಿಂದ ತಪ್ಪಿಸುವುದಿಲ್ಲ."

ಶಾನವಾಝನ ಕೈ ತಾನಾಗಿ ಕಾಲರನ್ನು ಬಿಟ್ಟಿತು.

"ಉಪ್ಪ," ಎಂದ. "ಉಪ್ಪ, ನಾನು. ಶಾನವಾಝ್."

ದೋಣಿಯ ಮೇಲೆ ಕೆಲಸ ಮಾಡುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿದರು. ಮಗನೊಬ್ಬ ತಂದೆಯನ್ನು ಹೊಡೆದನೆಂದೇ ಅವರಿಗೆ ಕಂಡಿರಬೇಕು. ಶಾನವಾಝ್ ಬಿಸಿ ಸಿಮೆಂಟಿನ ಮೇಲೆ ತಂದೆಯ ಪಕ್ಕ ಕೂತ. ಮುಟ್ಟಲು ಧೈರ್ಯವಾಗಲಿಲ್ಲ. ಮೊನ್ನೆ ಊಟದ ಮುಂದೆ ತಾನು ಆಡಿದ ಮಾತು ಒಂದೊಂದೇ ನೆನಪಾಯಿತು. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಸಿಕ್ಕಿದ್ರಾ?" ಸೂಫಿಯಾ ಕೇಳಿದಳು.

"ಸಿಕ್ಕಿದ್ರು."

"ಈಗ ಹೊರಟ್ರೆ ವಿಮಾನ ಸಿಗ್ತದೆ. ಶಹಲಾಳನ್ನು ಕೆಳಗೆ ಕರ್ಕೊಂಡು ಬರ್ಲಾ?"

"ಬೇಡ. ಅವಳ ಪೆಟ್ಟಿಗೆ ಬಿಚ್ಚು."

"ಎಂತ?"

"ಬಿಚ್ಚು ಅಂದೆ. ಆ ನಂಬರೆಲ್ಲ ಕಿತ್ತು ಬಿಸಾಡು. ಅವಳು ಎಲ್ಲಿಗೂ ಹೋಗುದಿಲ್ಲ."

ಫೋನು ಇಟ್ಟು ಅವನು ಮತ್ತೆ ತಂದೆಯನ್ನು ಕರೆದ. ಇನ್ನೊಮ್ಮೆ ಕರೆದ. ಯಾರೂ ಹೊಡೆಯುವುದಿಲ್ಲ ಉಪ್ಪ, ಕೈ ಇಳಿಸಿ, ಮನೆಗೆ ಹೋಗುವ ಎಂದ. ಬಾವ ಕೈ ಇಳಿಸಲಿಲ್ಲ.